ಸರ್ವಿಸ್ ದೀಪ ಆರಿಸುವ ಹಕ್ಕು ಯಾರದು?

ಕಾರಿನ ಆಯಿಲ್ ಬದಲಿಸಿದ ಮೇಲೂ ಒಂದು ಚಿಕ್ಕ ಕೆಲಸ ಉಳಿದಿರುತ್ತದೆ. ಹಳೇ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ಹಾಕಿ, ಡಿಪ್‌ಸ್ಟಿಕ್ ಒರೆಸಿ ಮಟ್ಟ ನೋಡಿಯಾಗಿರುತ್ತದೆ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಸ್ಪ್ಯಾನರ್ ಗುರುತಿನ ದೀಪ ಉರಿಯುತ್ತಲೇ ಇರುತ್ತದೆ. ಕೆಲಸ ಮುಗಿಯಿತು ಎಂದು ಕಾರಿಗೆ ಯಾರಾದರೂ ಹೇಳಬೇಕು. ಅದಕ್ಕೆ ರೀಸೆಟ್ ಎನ್ನುತ್ತಾರೆ. ಕೆಲವು ಕಾರುಗಳಲ್ಲಿ ಒಂದು ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು. ಇನ್ನು ಕೆಲವಕ್ಕೆ ಸ್ಕ್ಯಾನರ್ ಬೇಕು. ಸ್ಕ್ಯಾನರ್ ಇಲ್ಲದ ತಾಲ್ಲೂಕು ಕೇಂದ್ರದ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಆಯಿಲ್ ಹಾಕಿದೀನಿ ಸಾರ್, ಲೈಟ್ ಮಾತ್ರ ಶೋರೂಮಲ್ಲೇ ತೆಗೆಸ್ಕೊಳ್ಳಿ."

ಆ ಮಾತಿನ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆ ಇದೆ. ಆಯಿಲ್ ಯಾವಾಗ ಬದಲಿಸಬೇಕು ಎಂಬ ಲೆಕ್ಕ ಮೊದಲು ಮಾಲೀಕನ ತಲೆಯಲ್ಲಿತ್ತು. ಅಲ್ಲಿಂದ ಗ್ಯಾರೇಜಿನ ಡೈರಿಗೆ ಬಂತು, ಆಮೇಲೆ ಕಾರಿನ ಚಿಪ್ಪಿಗೆ ಹೋಯಿತು, ಈಗ ಕಂಪನಿಯ ಸರ್ವರ್ ಸೇರುತ್ತಿದೆ. ಲೆಕ್ಕ ಇಡುವವರು ಬದಲಾದಂತೆಲ್ಲ ಲೆಕ್ಕ ಅಳಿಸುವವರೂ ಬದಲಾದರು. ಗಾಡಿ ನಮ್ಮದು, ಆಯಿಲಿಗೆ ಕೊಟ್ಟ ದುಡ್ಡೂ ನಮ್ಮದು. ದೀಪ ಆರಿಸುವ ಅಧಿಕಾರ ಮಾತ್ರ ಯಾರದು ಎಂಬ ಪ್ರಶ್ನೆ ಹುಟ್ಟಿದ್ದು ಹಾಗೆ.

ದೀಪವಿಲ್ಲದ ಕಾಲ

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿಗೆ ಡಿಪ್‌ಸ್ಟಿಕ್ಕೇ ಇರಲಿಲ್ಲ. ಎಂಜಿನ್ನಿನ ಹಿಂಭಾಗದಲ್ಲಿ, ಕೆಳಗೆ, ಒಂದರ ಮೇಲೊಂದು ಎರಡು ಪುಟ್ಟ ನಲ್ಲಿಗಳಿದ್ದವು. ಮಾಲೀಕ ಕಾರಿನಡಿ ತೂರಿ ಅವನ್ನು ತಿರುಗಿಸಿ ನೋಡಬೇಕಿತ್ತು. ಮೇಲಿನದರಿಂದ ಆಯಿಲ್ ಬಂದರೆ ತುಂಬಿದೆ ಎಂದು ಅರ್ಥ, ಕೆಳಗಿನದರಿಂದಲೂ ಬರದಿದ್ದರೆ ಅಪಾಯ. ಆಯಿಲ್ ಫಿಲ್ಟರ್ ಕೂಡ ಇರಲಿಲ್ಲ. ಹೊಸ ಕಾರಿನ ಆಯಿಲನ್ನು ಮೊದಲ 400 ಮೈಲಿಗೆ ಇಳಿಸಿ, ಆಮೇಲೆ ಸುಮಾರು 750 ಮೈಲಿಗೊಮ್ಮೆ ಬದಲಿಸಿ ಎಂದು ಕಂಪನಿಯ ಕೈಪಿಡಿ ಹೇಳುತ್ತಿತ್ತು. ಅಂದರೆ 1,200 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಬೇಕಿತ್ತು.

ಇಷ್ಟು ಬೇಗ ಬೇಗ ಯಾಕೆ? ಎಂಜಿನ್ ಓಡುವಾಗ ಆಯಿಲ್ ಒಂದೇ ಕಾರಣಕ್ಕೆ ಕೆಡುವುದಿಲ್ಲ. ಸುಟ್ಟ ಇಂಧನದ ಮಸಿ, ಸುಡದೆ ಉಳಿದ ಪೆಟ್ರೋಲು, ನೀರಿನ ಅಂಶ, ಆಮ್ಲ, ಲೋಹದ ಪುಡಿ ಎಲ್ಲವೂ ಅದಕ್ಕೆ ಸೇರುತ್ತವೆ. ಶಾಖಕ್ಕೆ ಆಯಿಲ್ ಮಂದವಾಗುತ್ತದೆ. ಸೋಸುವ ವ್ಯವಸ್ಥೆ ಇಲ್ಲದ ಕಾಲದಲ್ಲಿ ಪೂರ್ತಿ ಇಳಿಸುವುದೊಂದೇ ದಾರಿ. 1923ರ ಹೊತ್ತಿಗೆ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ಗ್ ಎಂಬಿಬ್ಬರು 'ಪ್ಯೂರೋಲೇಟರ್' ಫಿಲ್ಟರ್ ತಂದರು. ಫಿಲ್ಟರ್ ಬಂತು, ಆಯಿಲಿಗೆ ಬೆರೆಸುವ ರಾಸಾಯನಿಕಗಳೂ ಸುಧಾರಿಸಿದವು, ಬದಲಿಸುವ ಅಂತರ ಹಿಗ್ಗಿತು. ಅಂತರ ಹಿಗ್ಗಿದಷ್ಟೂ ಮರೆಯುವುದು ಸುಲಭವಾಯಿತು. ಅಲ್ಲಿಂದ ನೆನಪಿಸುವ ಚೀಟಿ ಶುರುವಾಯಿತು.

ಅಮೆರಿಕದಲ್ಲಿ ಬಾಗಿಲ ಚೌಕಟ್ಟಿಗೆ ಸ್ಟಿಕ್ಕರ್ ಅಂಟಿಸುವ ರೂಢಿ ಬೆಳೆಯಿತು. 3,000 ಮೈಲಿಗೊಮ್ಮೆ, ಎಂದರೆ ಸುಮಾರು 4,800 ಕಿಲೋಮೀಟರಿಗೊಮ್ಮೆ ಬನ್ನಿ ಎಂಬುದು ಅಲ್ಲಿನ ಆಯಿಲ್ ಅಂಗಡಿಗಳ ಮಂತ್ರವಾಯಿತು. ಎಂಜಿನ್ನುಗಳು ಅದಕ್ಕಿಂತ ದೂರ ತಾಳುವಷ್ಟು ಸುಧಾರಿಸಿದ ಮೇಲೂ ಮಂತ್ರ ಬದಲಾಗಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾ ರಾಜ್ಯದ ತ್ಯಾಜ್ಯ ಮರುಬಳಕೆ ಇಲಾಖೆಯೇ, ಸ್ಟಿಕ್ಕರ್ ನಂಬಬೇಡಿ, ನಿಮ್ಮ ಕಾರಿನ ಕೈಪಿಡಿಯಲ್ಲಿ ಎಷ್ಟಿದೆ ನೋಡಿ ಎಂದು ಪ್ರಚಾರ ಮಾಡಬೇಕಾಯಿತು. ಬೇಗ ಬದಲಿಸಿದರೆ ಅಂಗಡಿಗೆ ಲಾಭ, ಸುರಿಯುವ ಕೊಳಕು ಆಯಿಲಿನ ಭಾರ ಊರಿಗೆ.

ನಮ್ಮಲ್ಲಿ ಆ ಕೆಲಸವನ್ನು ಡೈರಿ ಮಾಡುತ್ತಿತ್ತು. ಅಂಬಾಸಿಡರ್, ಪದ್ಮಿನಿ, 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800, ಇವುಗಳ ಕಾಲದಲ್ಲಿ ಯಾವ ಗಾಡಿಗೆ ಎಷ್ಟು ಕಿಲೋಮೀಟರಿಗೆ ಆಯಿಲ್ ಹಾಕಿದೆ ಎಂಬುದು ಡ್ರೈವರಿನ ಪಾಕೆಟ್ ಪುಸ್ತಕದಲ್ಲೋ ಮೇಸ್ತ್ರಿಯ ಎಣ್ಣೆ ಮೆತ್ತಿದ ಡೈರಿಯಲ್ಲೋ ಇರುತ್ತಿತ್ತು. ವರ್ಷಕ್ಕೊಂದು ಖಾಯಂ ಗಡುವೂ ಇತ್ತು, ಆಯುಧಪೂಜೆ. ಪೂಜೆಗೆ ಮುಂಚೆ ಗಾಡಿ ತೊಳೆಸಿ, ಗ್ರೀಸ್ ಹೊಡೆಸಿ, ಆಯಿಲ್ ನೋಡಿಸುವುದು ಎಷ್ಟೋ ಮನೆಗಳ ಕ್ರಮ. ಈ ವ್ಯವಸ್ಥೆಯಲ್ಲಿ ಮರೆವು ಇತ್ತು, ಮೋಸಕ್ಕೂ ಜಾಗವಿತ್ತು. ಆದರೆ ಲೆಕ್ಕ ಬರೆಯುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಐದು ಹಸಿರು, ಒಂದು ಹಳದಿ, ಒಂದು ಕೆಂಪು

ಕಾರೇ ಲೆಕ್ಕ ಇಡಲು ಶುರು ಮಾಡಿದ್ದು ಆಯಿಲಿಗಾಗಿ ಅಲ್ಲ, ಹೊಗೆಗಾಗಿ. 1980ರ ಸುಮಾರಿಗೆ ಅಮೆರಿಕದಲ್ಲಿ ಹೊಗೆ ನಿಯಂತ್ರಣದ ನಿಯಮಗಳು ಬಿಗಿಯಾದಾಗ, ಅಲ್ಲಿ ಮಾರುತ್ತಿದ್ದ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ 30,000 ಮೈಲಿಗೆ ಒಂದು ದೀಪ ಹತ್ತುತ್ತಿತ್ತು. ಆಕ್ಸಿಜನ್ ಸೆನ್ಸರ್ ಬದಲಿಸಿ ಎಂಬ ಸೂಚನೆ ಅದು. ಸೆನ್ಸರ್ ಕೆಟ್ಟಿದೆಯೇ ಇಲ್ಲವೇ ಎಂಬುದು ಆ ದೀಪಕ್ಕೆ ಗೊತ್ತಿರಲಿಲ್ಲ. ಸ್ಪೀಡೋಮೀಟರ್ ಕೇಬಲಿನ ನಡುವೆ ಕೂರಿಸಿದ ಒಂದು ಡಬ್ಬಿ ಮೈಲಿ ಎಣಿಸುತ್ತಿತ್ತು, ಅಷ್ಟೆ. ಡಬ್ಬಿಯ ಮೇಲಿನ ಗುಂಡಿ ಒತ್ತಿದರೆ ದೀಪ ಆರುತ್ತಿತ್ತು. ಯಾರು ಬೇಕಾದರೂ ಒತ್ತಬಹುದಿತ್ತು.

ಅದೇ ದಶಕದ ಆರಂಭದಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ತನ್ನ ಕಾರುಗಳಿಗೆ ಬೇರೆಯದೇ ಯಂತ್ರ ತಂದಿತು. ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಸಾಲಾಗಿ ಐದು ಹಸಿರು ದೀಪ. ಕಾರು ಓಡಿದಂತೆ ಅವು ಒಂದೊಂದಾಗಿ ಕಡಿಮೆಯಾಗುತ್ತವೆ. ಹಸಿರು ಮುಗಿದ ಮೇಲೆ ಹಳದಿ, ಎಂದರೆ ಸರ್ವಿಸ್ ಮಾಡಿಸುವ ಹೊತ್ತು ಬಂತು. ಕೆಂಪು ಹತ್ತಿದರೆ ಹೊತ್ತು ಮೀರಿತು. ಬರೀ ಕಿಲೋಮೀಟರ್ ಎಣಿಸದೆ ಎಂಜಿನ್ ಎಷ್ಟು ವೇಗವಾಗಿ ತಿರುಗಿತು, ಎಷ್ಟು ಬಿಸಿಯಾಗಿತ್ತು ಎಂಬುದನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತಿತ್ತು. ಹೆದ್ದಾರಿಯಲ್ಲಿ ನಿಧಾನಕ್ಕೆ ಓಡಿಸುವವರಿಗೆ ದೀಪ ತಡವಾಗಿ ಹತ್ತುತ್ತಿತ್ತು, ತಣ್ಣನೆಯ ಎಂಜಿನ್ನನ್ನು ಚಚ್ಚುವವರಿಗೆ ಬೇಗ.

ವ್ಯವಸ್ಥೆ ಜಾಣತನದ್ದೇ. ಆದರೆ ದೀಪಗಳನ್ನು ಮತ್ತೆ ಐದು ಹಸಿರಿಗೆ ತರಲು ಒಳಗೆ ಗುಂಡಿ ಇರಲಿಲ್ಲ. ಬಾನೆಟ್ ಕೆಳಗೆ ಒಂದು ದುಂಡನೆಯ ಸಾಕೆಟ್, ಅದಕ್ಕೆ ಚುಚ್ಚುವ ವಿಶೇಷ ಸಾಧನ, ಆ ಸಾಧನ ಇರುವುದು ಕಂಪನಿಯ ಡೀಲರ್ ಹತ್ತಿರ. ನಮಗೆ ತಿಳಿದ ಮಟ್ಟಿಗೆ, ಆಯಿಲ್ ಬದಲಿಸುವ ಕೆಲಸವನ್ನೂ 'ಬದಲಿಸಿದೆ' ಎಂದು ಕಾರಿಗೆ ಹೇಳುವ ಕೆಲಸವನ್ನೂ ಇಷ್ಟು ಸ್ಪಷ್ಟವಾಗಿ ಬೇರೆ ಮಾಡಿದ ಮೊದಮೊದಲ ಕಾರುಗಳಲ್ಲಿ ಇವೂ ಸೇರುತ್ತವೆ.

ಬೀಗ ಬಂದಲ್ಲಿ ಬೀಗದ ಕೈಯೂ ಬಂತು. ಸಣ್ಣ ಕಂಪನಿಗಳು ಅದೇ ಸಾಕೆಟ್ಟಿಗೆ ಹೊಂದುವ ರೀಸೆಟ್ ಸಾಧನ ಮಾಡಿ ಮಾರಿದವು. ಕೈಯಲ್ಲಿ ಕೆಲಸ ಮಾಡಿಕೊಳ್ಳುವವರು ಸಾಧನವೂ ಬೇಡವೆಂದರು. ಆ ಸಾಕೆಟ್ಟಿನ ಯಾವ ಎರಡು ಪಿನ್ನಿಗೆ ಒಂದು ತಂತಿ ತುಂಡು ಎಷ್ಟು ಸೆಕೆಂಡ್ ತಾಗಿಸಿದರೆ ದೀಪ ಹಸಿರಾಗುತ್ತದೆ ಎಂಬುದು ಬಾಯಿಂದ ಬಾಯಿಗೆ ಹರಡಿತು. ಲೆಕ್ಕ ಉಳಿಸಿಕೊಳ್ಳಲು ಬೋರ್ಡಿನ ಮೇಲೆ ಪುಟ್ಟ ಬ್ಯಾಟರಿಗಳಿದ್ದವು. ವರ್ಷಗಳಾದ ಮೇಲೆ ಅವು ಸೋರಿ ಬೋರ್ಡೇ ಹಾಳಾಗುತ್ತಿತ್ತು. ದೀಪಗಳು ಮನಸ್ಸಿಗೆ ಬಂದಂತೆ ಉರಿಯುತ್ತಿದ್ದವು. ಎಂಜಿನ್ ಗಟ್ಟಿಯಾಗಿತ್ತು, ಅದರ ಲೆಕ್ಕದ ಪುಸ್ತಕವೇ ಮೊದಲು ಕೊಳೆಯಿತು.

ಆಯಿಲ್ ಮುಟ್ಟದೆ ಆಯಿಲ್ ಅಳೆಯುವುದು

ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಸಂಶೋಧನಾಲಯದಲ್ಲಿ ಷರ್ಲಿ ಶ್ವಾರ್ಟ್ಸ್ ಎಂಬ ರಸಾಯನ ವಿಜ್ಞಾನಿ ಇದ್ದರು. ಆಯಿಲ್ ಯಾವ ಓಡಾಟಕ್ಕೆ ಎಷ್ಟು ಬೇಗ ಕೆಡುತ್ತದೆ ಎಂದು ಅವರೂ ಅವರ ಸಂಗಡಿಗ ಡೊನಾಲ್ಡ್ ಸ್ಮೊಲೆನ್ಸ್ಕಿಯವರೂ ಪರೀಕ್ಷೆಗಳನ್ನು ನಡೆಸಿ 1987ರಲ್ಲಿ ಪ್ರಬಂಧ ಪ್ರಕಟಿಸಿದರು. ಹೆದ್ದಾರಿಯ ಸಮವೇಗದ ಓಟಕ್ಕೆ ಆಯಿಲ್ ಚೆನ್ನಾಗಿ ತಾಳುತ್ತದೆ. ಭಾರ ಎಳೆಯುತ್ತ ಕಾದ ಎಂಜಿನ್ನಿನಲ್ಲಿ ಬೇಗ ಕೆಡುತ್ತದೆ. ಚಳಿಯಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲೂ ಬೇಗ ಕೆಡುತ್ತದೆ, ಏಕೆಂದರೆ ಆಯಿಲಿಗೆ ಸೇರಿದ ನೀರು, ಪೆಟ್ರೋಲು ಆವಿಯಾಗಲು ಬೇಕಾದ ಶಾಖವೇ ಹುಟ್ಟಿರುವುದಿಲ್ಲ.

ಹಾಗಾಗಿ ಅವರ ವ್ಯವಸ್ಥೆ ಎಂಜಿನ್ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತದೆ. ಬಿಸಿ ಹೆಚ್ಚಿದ್ದರೂ ತೀರಾ ಕಡಿಮೆ ಇದ್ದರೂ ಒಂದೊಂದು ಸುತ್ತಿಗೆ ಹೆಚ್ಚು ದಂಡ ಹಾಕುತ್ತದೆ. ಒಂದು ಒಟ್ಟು ಮೊತ್ತದಿಂದ ಕಳೆಯುತ್ತ ಬಂದು, ಉಳಿದದ್ದನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. 1980ರ ದಶಕದ ಕೊನೆಯಲ್ಲಿ ಕಂಪನಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಇದು ಮೊದಲು ಬಂತು.

ಇದು ನಮ್ಮ ಹಳ್ಳಿಗಳಿಗೆ ಹೊಸ ವಿಚಾರವಲ್ಲ. ನಮ್ಮಲ್ಲಿ ಅನೇಕರ ಮನೆಗೆ ಕಾರಿಗಿಂತ ಮೊದಲು ಬಂದದ್ದು ಟ್ರ್ಯಾಕ್ಟರು. ಅದರ ಆಯಿಲಿಗೆ ಕಿಲೋಮೀಟರ್ ಲೆಕ್ಕವಿಲ್ಲ, ಗಂಟೆ ಲೆಕ್ಕ. ಹಲವು ಟ್ರ್ಯಾಕ್ಟರುಗಳಲ್ಲಿ 250 ಗಂಟೆಗೊಮ್ಮೆ. ಹಳೆಯ ಅವರ್ ಮೀಟರ್ ಎಂಜಿನ್ನಿನ ಸುತ್ತಿಗೆ ಜೋಡಿಸಿದ ಕೇಬಲಿನಿಂದ ಓಡುತ್ತಿತ್ತು. ಎಂಜಿನ್ ನಿಧಾನ ತಿರುಗಿದರೆ ಮೀಟರಿನ ಗಂಟೆಯೂ ನಿಧಾನ. ಶ್ರಮ ಎಣಿಸು, ದೂರ ಎಣಿಸಬೇಡ ಎಂಬ ತತ್ವ ಎರಡರಲ್ಲೂ ಒಂದೇ. ವ್ಯತ್ಯಾಸ ಎಂದರೆ, ಅವರ್ ಮೀಟರ್ ಬರೀ ಎಣಿಸುತ್ತದೆ. ಅದರಿಂದ 250 ಕಳೆದು ನೋಡುವ ಕೆಲಸ ರೈತನದು. ಆ ಮೀಟರಿಗೆ ರೀಸೆಟ್ ಇಲ್ಲ, ಬೇಕಾಗಿಯೂ ಇಲ್ಲ.

ಜನರಲ್ ಮೋಟರ್ಸ್ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅದು ಆಯಿಲನ್ನು ಮುಟ್ಟುವುದೇ ಇಲ್ಲ. ಒಳಗಿರುವುದು ಒಳ್ಳೆಯ ಆಯಿಲೋ ಕಳಪೆಯೋ, ಲೆವೆಲ್ ಸರಿ ಇದೆಯೋ ಇಲ್ಲವೋ, ನಿಜವಾಗಿ ಬದಲಿಸಿದರೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಿಲ್ಲ. ಆ ಕಂಪನಿಯ ಬಹಳಷ್ಟು ಕಾರುಗಳಲ್ಲಿ ರೀಸೆಟ್ ಕೂಡ ಸುಲಭವಿತ್ತು: ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ಆನ್ ಮಾಡಿ, ಐದು ಸೆಕೆಂಡಿನೊಳಗೆ ಆಕ್ಸಿಲರೇಟರನ್ನು ಮೂರು ಸಲ ಪೂರ್ತಿ ತುಳಿದರೆ ಮತ್ತೆ ನೂರಕ್ಕೆ ನೂರು. ಆಯಿಲ್ ಹನಿಯಷ್ಟೂ ಬದಲಾಗದಿದ್ದರೂ ಅಷ್ಟೇ. ಇದು ಕಂಪನಿಗೂ ಗೊತ್ತಿತ್ತು. ಅಕಸ್ಮಾತ್ ರೀಸೆಟ್ ಆಗಿಬಿಟ್ಟರೆ, ಹಿಂದೆ ಆಯಿಲ್ ಬದಲಿಸಿದ ದಿನದಿಂದ 5,000 ಕಿಲೋಮೀಟರಿಗೆ ಬದಲಿಸಿಬಿಡಿ ಎಂದು ಕೈಪಿಡಿಯಲ್ಲೇ ಬರೆದಿತ್ತು. ಹಿಂದೆ ಬದಲಿಸಿದ್ದು ಎಷ್ಟಕ್ಕೆ ಎಂಬುದನ್ನು ಎಲ್ಲಿ ನೋಡುವುದು? ಮತ್ತೆ ಡೈರಿಯಲ್ಲೇ.

ಲೆಕ್ಕದ ಹಿಂದಿನ ಊಹೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಮರ್ಸಿಡಿಸ್ ಬೆಂಜ್ ಕಂಪನಿ 1990ರ ದಶಕದ ಕೊನೆಯಲ್ಲಿ ಇಂಥದೇ ವ್ಯವಸ್ಥೆಯನ್ನು ಅಮೆರಿಕದ ಕಾರುಗಳಿಗೆ ತಂದಾಗ ಆಯಿಲ್ ಬದಲಿಸುವ ಅಂತರ ಬಹಳ ಹಿಗ್ಗಿತು. ಅಷ್ಟು ದೂರ ತಾಳುವುದು ಸಿಂಥೆಟಿಕ್ ಆಯಿಲ್. ಹಲವರ ಕಾರುಗಳಲ್ಲಿ ಇದ್ದದ್ದು ಸಾಮಾನ್ಯ ಆಯಿಲ್. ಇದರಿಂದ ಎಂಜಿನ್ ಹಾಳಾಗುತ್ತದೆ ಎಂದು 1998ರಿಂದ 2001ರವರೆಗಿನ ಮಾದರಿಗಳ ಮಾಲೀಕರು ಹೂಡಿದ ಸಾಮೂಹಿಕ ಮೊಕದ್ದಮೆ 2003ರಲ್ಲಿ ರಾಜಿಯಲ್ಲಿ ಮುಗಿಯಿತು.

ಒಂದೇ ಸಾಕೆಟ್, ಬೇರೆ ಬೇರೆ ಬೀಗ

ಸ್ಕ್ಯಾನರ್ ಕಥೆಯೂ ಹೊಗೆಯಿಂದಲೇ ಹುಟ್ಟಿತು. ಕಾರು ತನ್ನ ಹೊಗೆಯ ದೋಷವನ್ನು ತಾನೇ ಪತ್ತೆಹಚ್ಚಬೇಕು ಎಂದು ಕ್ಯಾಲಿಫೋರ್ನಿಯಾ 1988ರ ಮಾದರಿಗಳಿಂದ ಕಡ್ಡಾಯ ಮಾಡಿತು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಂದೇ ಆಕಾರದ ಸಾಕೆಟ್, ಒಂದೇ ಬಗೆಯ ದೋಷಸಂಕೇತ ಬಂದವು. ಇದೇ ಒಬಿಡಿ-2. ಭಾರತದಲ್ಲಿ ಇದು ಬಿಎಸ್-4 ಕಾರುಗಳೊಂದಿಗೆ 2013ರಲ್ಲಿ ಕಡ್ಡಾಯವಾಯಿತು. ಸ್ಟಿಯರಿಂಗ್ ಕೆಳಗೆ, ಮೊಣಕಾಲಿನ ಮೇಲ್ಭಾಗದಲ್ಲಿ ಕಾಣುವ 16 ಪಿನ್ನಿನ ಸಾಕೆಟ್ ಅದೇ.

ಇಲ್ಲೊಂದು ಗೊಂದಲ ಬಿಡಿಸಬೇಕು. ಎಂಜಿನ್ ಆಕಾರದ ಹಳದಿ ದೀಪ ಬೇರೆ, ಸ್ಪ್ಯಾನರ್ ದೀಪ ಬೇರೆ. ಮೊದಲನೆಯದು ದೋಷದ ಸೂಚನೆ. ಅದರ ಸಂಕೇತವನ್ನು ಅಗ್ಗದ ಸ್ಕ್ಯಾನರ್ ಕೂಡ ಓದಬಲ್ಲದು, ಏಕೆಂದರೆ ಹೊಗೆಗೆ ಸಂಬಂಧಿಸಿದ ಮಾಹಿತಿ ಎಲ್ಲರಿಗೂ ಸಿಗಲೇಬೇಕೆಂದು ಕಾನೂನು ಹೇಳಿತು. ಎರಡನೆಯದು ಬರೀ ಗಡುವಿನ ನೆನಪು. ಹೊಗೆಗೂ ಅದಕ್ಕೂ ನೇರ ಸಂಬಂಧವಿಲ್ಲ, ಹಾಗಾಗಿ ಕಾನೂನು ಅದನ್ನು ಮುಟ್ಟಲಿಲ್ಲ. ಪ್ರತಿ ಕಂಪನಿಯೂ ತನಗೆ ತೋಚಿದಂತೆ ಮಾಡಿತು. ಟೊಯೊಟಾ ಕಾರುಗಳಲ್ಲಿ ಟ್ರಿಪ್ ಮೀಟರಿನ ಗುಂಡಿ ಒತ್ತಿ ಹಿಡಿದೇ ಕೀ ತಿರುಗಿಸುವ ಕ್ರಮ ಬಂತು. ಕೆಲವು ಕಂಪನಿಗಳು ಪರದೆಯ ಮೆನುವಿನೊಳಗೆ ಇಟ್ಟವು. ಇನ್ನು ಕೆಲವು ತಮ್ಮ ಸ್ಕ್ಯಾನರಿಗಷ್ಟೇ ತಿಳಿಯುವ ಭಾಷೆಯಲ್ಲಿಟ್ಟವು. ಸಾಕೆಟ್ ಒಂದೇ ಆದರೂ ಊರಿನ ಮೇಸ್ತ್ರಿಯ ಸ್ಕ್ಯಾನರ್ ಒಂದು ಕಾರಿನ ದೀಪ ಆರಿಸಿ ಪಕ್ಕದ ಕಾರಿನದನ್ನು ಆರಿಸಲಾಗದೆ ನಿಲ್ಲುವುದು ಈ ಕಾರಣಕ್ಕೆ. ಅದು ಅವರ ಕೈಗುಣದ ಕೊರತೆಯಲ್ಲ.

ಈ ಬೀಗದ ವಿರುದ್ಧ ಜನ ಮತ ಹಾಕಿದ್ದೂ ಉಂಟು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರ ನವೆಂಬರಿನಲ್ಲಿ, ಡೀಲರಿಗೆ ಕೊಡುವ ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಕೊಡಬೇಕೆಂಬ ಪ್ರಸ್ತಾವಕ್ಕೆ ನೂರಕ್ಕೆ 80ಕ್ಕೂ ಹೆಚ್ಚು ಮತದಾರರು ಹೌದೆಂದರು. 2020ರಲ್ಲಿ, ಕಾರು ತಂತಿಯಿಲ್ಲದೆ ಕಂಪನಿಗೆ ಕಳಿಸುವ ಮಾಹಿತಿಗೂ ಇದನ್ನು ವಿಸ್ತರಿಸಲು ಮತ್ತೆ ಮತ ಹಾಕಿದರು. ಐರೋಪ್ಯ ಒಕ್ಕೂಟ 2007ರ ತನ್ನ ಹೊಗೆ ನಿಯಮದಲ್ಲೇ ಸ್ವತಂತ್ರ ಗ್ಯಾರೇಜುಗಳಿಗೆ ರಿಪೇರಿ ಮಾಹಿತಿ ಸಿಗಬೇಕೆಂದು ಸೇರಿಸಿತ್ತು.

ನಮ್ಮ ದೇಶದ ತೀರ್ಪು

ನಮ್ಮಲ್ಲಿ ಈ ಜಗಳ 2011ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಮುಂದೆ ಬಂತು. ಶಂಶೇರ್ ಕಟಾರಿಯಾ ಎಂಬವರು ಮೊದಲು ದೂರಿದ್ದು ಹೋಂಡಾ, ಫೋಕ್ಸ್‌ವ್ಯಾಗನ್, ಫಿಯಟ್ ಕಂಪನಿಗಳ ಮೇಲೆ. ಬಿಡಿಭಾಗ, ದೋಷ ಪತ್ತೆಯ ಸಾಧನ, ರಿಪೇರಿ ಕೈಪಿಡಿ ಯಾವುದನ್ನೂ ಹೊರಗಿನ ಗ್ಯಾರೇಜಿಗೆ ಕೊಡುವುದಿಲ್ಲ, ಹಾಗಾಗಿ ಗಿರಾಕಿಗೆ ಬೇರೆ ದಾರಿಯೇ ಇಲ್ಲ ಎಂಬುದು ದೂರು. ತನಿಖೆ ವಿಸ್ತರಿಸಿ ಉಳಿದ ಕಂಪನಿಗಳೂ ಸೇರಿದವು. 2014ರ ಆಗಸ್ಟ್ 25ರಂದು ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು.

ಆ ಪಟ್ಟಿಯಲ್ಲಿ ಈ ಲೇಖನದ ಪಾತ್ರಗಳೆಲ್ಲ ಸಿಗುತ್ತವೆ: ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಮರ್ಸಿಡಿಸ್, ಟೊಯೊಟಾ, ಮಾರುತಿ. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟರ್ಸ್ ಕೂಡ ಇತ್ತು. ಊರಿನ ಯಾವ ಗ್ಯಾರೇಜಿನಲ್ಲೂ ಬಿಚ್ಚಿ ಜೋಡಿಸಬಹುದಾಗಿದ್ದ ಆ ಕಾರಿನ ತಯಾರಿಕೆ ಅದೇ ವರ್ಷದ ಮೇ ತಿಂಗಳಲ್ಲಿ ನಿಂತಿತ್ತು.

ದಂಡದ ಮೊತ್ತಕ್ಕಿಂತ ಆಯೋಗದ ನಿರ್ದೇಶನಗಳು ನಮಗೆ ಮುಖ್ಯ. ಬಿಡಿಭಾಗ, ದೋಷ ಪತ್ತೆಯ ಸಾಧನ ಮತ್ತು ತಾಂತ್ರಿಕ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೆ ಸಿಗುವಂತೆ ಮಾಡಬೇಕು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ರದ್ದು ಎಂದು ಸಾರಾಸಗಟು ಷರತ್ತು ಹಾಕುವಂತಿಲ್ಲ; ಹೊರಗಿನವರ ತಪ್ಪು ಕೆಲಸದಿಂದಲೇ ಹಾನಿಯಾಗಿದ್ದರೆ ಆ ಮಾತು ಬೇರೆ. ಕಂಪನಿಗಳು ಮೇಲ್ಮನವಿ ನ್ಯಾಯಮಂಡಳಿಗೂ ಹೈಕೋರ್ಟುಗಳಿಗೂ ಹೋದವು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿ'ಗಾಗಿ ಸಮಿತಿ ಮಾಡಿತು. ಅದು ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ವಾಹನಗಳ ಜತೆ ಕೃಷಿ ಯಂತ್ರಗಳೂ ಇವೆ. ಅದೇ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಅದರ ಪೋರ್ಟಲ್ ಶುರುವಾಯಿತು. ಕಂಪನಿಗಳು ತಾವಾಗಿ ಮಾಹಿತಿ ಹಾಕಲಿ ಎಂಬ ಏರ್ಪಾಡು ಇದು. ಮ್ಯಾಸಚೂಸೆಟ್ಸ್ ಮಾಡಿದಂಥ ಕಾನೂನಿನ ಬಲ ಇದಕ್ಕಿಲ್ಲ.

ದೀಪ ಆರಿದರೆ ಕೆಲಸ ಆಯಿತೇ?

ಹಾಗೆಂದು ಬೀಗ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಹೇಳುತ್ತಿಲ್ಲ. ರೀಸೆಟ್ ಸುಲಭವಾದಷ್ಟೂ ಸುಳ್ಳು ಹೇಳುವುದೂ ಸುಲಭ. ಬಿಡದಿಯಲ್ಲಿ ತಯಾರಾಗಿ 2005ರಿಂದ ನಮ್ಮ ರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ಓಡಿದ ಇನ್ನೋವಾ ನೋಡಿ. ಹಳೆಯ ಡೀಸೆಲ್ ಇನ್ನೋವಾದಲ್ಲಿ ಟೈಮಿಂಗ್ ಬೆಲ್ಟ್ ಬದಲಿಸುವ ಗಡುವಿಗೆ 'ಟಿ-ಬೆಲ್ಟ್' ಎಂಬ ದೀಪ ಹತ್ತುತ್ತದೆ. ಬೆಲ್ಟ್ ಬದಲಿಸದೆ ದೀಪ ಮಾತ್ರ ಆರಿಸಿ ಗಾಡಿ ಮಾರಿದರೆ ಕೊಂಡವರಿಗೆ ಏನೂ ತಿಳಿಯುವುದಿಲ್ಲ. ಬೆಲ್ಟ್ ತುಂಡಾದರೆ ವಾಲ್ವು, ಪಿಸ್ಟನ್ ಒಂದಕ್ಕೊಂದು ಬಡಿದು ಎಂಜಿನ್ನೇ ಹೋಗುತ್ತದೆ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಟ್ಯಾಕ್ಸಿ ಕೊಂಡವರ ಪಾಲಿಗೆ ಅದು ಜೀವನೋಪಾಯವೇ ಹೋದಂತೆ.

ಇದೇ ಕಾರಣ ಕೊಟ್ಟು ಕಂಪನಿಗಳು, ಲೆಕ್ಕ ನಮ್ಮ ಬಳಿಯೇ ಇರಲಿ ಎನ್ನುತ್ತವೆ. ಈಗ ಹಲವು ಕಂಪನಿಗಳು ಕಾಗದದ ಸರ್ವಿಸ್ ಪುಸ್ತಕ ಬಿಟ್ಟು ತಮ್ಮ ಕಂಪ್ಯೂಟರಿನಲ್ಲೇ ದಾಖಲೆ ಇಡುತ್ತಿವೆ. ಮೋಸ ತಡೆಯಲು ಇದು ಒಳ್ಳೆಯದೇ. ಆದರೆ ಊರಿನ ಗ್ಯಾರೇಜಿನಲ್ಲಿ ಸರಿಯಾದ ಆಯಿಲ್ ಹಾಕಿಸಿದ್ದು ಆ ದಾಖಲೆಯಲ್ಲಿ ಬರುವುದಿಲ್ಲ. ಮಾರುವಾಗ 'ಕಂಪನಿ ಸರ್ವಿಸ್ ರೆಕಾರ್ಡ್ ಇಲ್ಲ' ಎಂದು ಬೆಲೆ ಇಳಿಸುತ್ತಾರೆ. ಮಾಡಿದ ಕೆಲಸ ಮಾಡದ ಕೆಲಸದ ಲೆಕ್ಕಕ್ಕೆ ಸೇರುತ್ತದೆ. ಕೈಗೆ ಎಣ್ಣೆ ಮೆತ್ತಿಕೊಂಡು ಮೂವತ್ತು ವರ್ಷ ದುಡಿದ ಮೇಸ್ತ್ರಿಯ ಮಾತಿಗೆ ಬೆಲೆ ಕಡಿಮೆಯಾಗುವುದು ಹೀಗೆ.

ಅದಕ್ಕೆ ಹಳೆಯ ಪಾಠವೇ ಸದ್ಯದ ಮದ್ದು. ಆಯಿಲ್ ಬದಲಿಸಿದ ದಿನ ತಾರೀಕು, ಕಿಲೋಮೀಟರ್, ಆಯಿಲಿನ ಗ್ರೇಡು, ಹಾಕಿದ ಲೀಟರು, ಫಿಲ್ಟರ್ ಬದಲಿಸಿದರೋ ಇಲ್ಲವೋ ಎಂಬುದನ್ನು ಬರೆದಿಡಿ. ಗ್ಯಾರೇಜಿನ ಬಿಲ್ಲು ಕೇಳಿ ಪಡೆಯಿರಿ, ಅದರ ಮೇಲೆ ಕಿಲೋಮೀಟರ್ ಬರೆಸಿ. ರೀಸೆಟ್ ಕ್ರಮ ನಿಮ್ಮ ಕಾರಿನ ಕೈಪಿಡಿಯಲ್ಲೇ ಇದೆಯೇ ನೋಡಿ, ಎಷ್ಟೋ ಕಾರುಗಳಲ್ಲಿ ಇರುತ್ತದೆ. ಹಳೆಯ ಕಾರು ಕೊಳ್ಳುವಾಗ ಆರಿದ ದೀಪ ನೋಡಿ ಸಮಾಧಾನಪಡಬೇಡಿ, ಬಿಲ್ಲು ಕೇಳಿ, ಡಿಪ್‌ಸ್ಟಿಕ್ ಎಳೆದು ನೋಡಿ. ನಿಮ್ಮ ಊರಿನ ಗ್ಯಾರೇಜಿನಲ್ಲಿ ಹಳೆಯ ಡೈರಿಗಳು ರದ್ದಿಗೆ ಹೋಗುವ ಹಾಗಿದ್ದರೆ, ಹಾಕುವ ಮುಂಚೆ ಒಮ್ಮೆ ಪುಟ ತಿರುವಿ. ಯಾರ ಮನೆಗೆ ಯಾವ ವರ್ಷ ಯಾವ ಗಾಡಿ ಬಂತು, ಎಷ್ಟು ಓಡಿತು, ಯಾವಾಗ ಮಾರಾಟವಾಯಿತು ಎಂಬ ಊರಿನ ಲೆಕ್ಕ ಬೇರೆ ಯಾವ ಕಂಪ್ಯೂಟರಿನಲ್ಲೂ ಸಿಗುವುದಿಲ್ಲ.